ಅಧ್ಯಕ್ಷರ ಪರವಾಗಿ ತಾಕ್ ಮಾನ್‌ಸಿಕ್

“ನನ್ನ ಕೆಲಸ ಏನು ಅಂತ ಕೇಳ್ತೀರಲ್ಲ ಅಕ್ಕ, ಹೇಳ್ತೀನಿ ಕೇಳಿ. ಬೆಳಿಗ್ಗೆ ಎದ್ದು ಟೈ ಕಟ್ಕೋತೀನಿ. ಅಧ್ಯಕ್ಷರು ಮದುವೆಗಳಿಗೆ ಹೋಗಲ್ಲ, ನಾನು ಹೋಗಿ ಅವರ ಪರವಾಗಿ ಹರಸ್ತೀನಿ. ಅಧ್ಯಕ್ಷರು ಸಾವಿನ ಮನೆಗೆ ಹೋಗಲ್ಲ, ನಾನು ಹೋಗಿ ಅವರ ಪರವಾಗಿ ಅಳ್ತೀನಿ. ಅವರು ಬಂದಿದ್ರೆ ಎಷ್ಟು ಅಳ್ತಿದ್ರೋ ಅಷ್ಟೇ ಅಳ್ಬೇಕು. ಒಂದು ಹನಿ ಹೆಚ್ಚಾಯ್ತೋ, ಅದು ನನ್ನ ಸ್ವಂತದ್ದಾಗುತ್ತೆ. ಅದಕ್ಕೆ ನನಗೆ ಅಧಿಕಾರ ಇಲ್ಲ. ಸಂಘದ ನಿಯಮದಲ್ಲಿ ನನ್ನ ಬಗ್ಗೆ ಇರೋದು ಒಂದೇ ಸಾಲು, ‘ಅಧ್ಯಕ್ಷರಿಗೆ ನೆರವಾಗತಕ್ಕದ್ದು’ ಅಂತ. ಹೇಗೆ, ಯಾವುದರಲ್ಲಿ, ಎಲ್ಲಿವರೆಗೆ, ಒಂದೂ ಬರೆದಿಲ್ಲ. ಅವರು ಫೋನಲ್ಲಿ ‘ಏನಾದ್ರೂ ಒಳ್ಳೇದು ಹೇಳ್ಬಿಡು’ ಅಂತಾರೆ, ಇಟ್ಬಿಡ್ತಾರೆ. ಬರೆಯೋನು ನಾನು, ಓದೋನು ನಾನು, ಕೆಳಗಿನ ಮೊಹರು ಮಾತ್ರ ಅವರದು. ಒಂದ್ಸಲ ‘ಮಾನ್‌ಸಿಕ್‌ನ ಸೋಮಾರಿತನದಿಂದ ಆಮಂತ್ರಣ ತಡವಾಗಿ ಸಿಕ್ತು, ಅದಕ್ಕೇ ಬರೋಕಾಗ್ಲಿಲ್ಲ ಅಂತ ಸೇರಿಸು’ ಅಂದ್ರು. ಸೇರಿಸಿದೆ. ಎಲ್ಲರ ಎದುರು ನಿಂತು ನನ್ನನ್ನು ನಾನೇ ಬೈದೆ. ಜನ ಚಪ್ಪಾಳೆ ತಟ್ಟಿದ್ರು, ಚೆನ್ನಾಗಿ ಬೈದ್ರಿ ಅಂತ. ತೀರ್ಮಾನ ಮಾಡೋರು ಅವರು. ಸರಿಹೋದ್ರೆ ಅದು ಅಧ್ಯಕ್ಷರ ದೂರದೃಷ್ಟಿ, ಕೆಟ್ಟುಹೋದ್ರೆ ಕಾರ್ಯದರ್ಶಿಯ ಹೊಣೆ. ಹೊಣೆ ಹೊತ್ಕೊಂಡು ರಾಜೀನಾಮೆ ಕೊಡ್ತೀನಿ. ಅವರು ತಗೊಳ್ಳಲ್ಲ. ಇಷ್ಟೇ ಕೆಲಸ. ಮಾತೆಲ್ಲ ಅವರಿಗೇ ಖರ್ಚಾಗಿ, ಮನೆಗೆ ಹೋಗೋ ಹೊತ್ತಿಗೆ ನನ್ನ ಬಾಯಲ್ಲಿ ಏನೂ ಉಳಿದಿರಲ್ಲ. ಹೆಂಡತಿ ‘ಸಾರಿಗೆ ಉಪ್ಪು ಸಾಕಾ’ ಅಂದ್ರೆ ‘ಪರಿಶೀಲಿಸಲಾಗುವುದು’ ಅಂತೀನಿ. ಅವಳು ಸೌಟು ಎತ್ತಿ ಹೊಡೆಯೋಕೆ ಬರ್ತಾಳೆ.”

ತಾಕ್ ಮಾನ್‌ಸಿಕ್ ಇಷ್ಟನ್ನೂ ಹೇಳಿದ್ದು ನನ್ನ ಅಂಗಡಿಯಲ್ಲಿ, ಮೊಳಕೆಯ ಬಾಲ ಚಿವುಟುತ್ತ. ನಮ್ಮ ಸೊಪೊ ಬಂದರಿನ ಮಾರುಕಟ್ಟೆಯಲ್ಲಿ ನಾನು ಮೊಳಕೆ ಸಾರು, ಅನ್ನ ಮಾರುವವಳು. ದಿನವೂ ಬುಟ್ಟಿಗಟ್ಟಲೆ ಸೋಯಾ ಮೊಳಕೆಯ ಬಾಲ ಚಿವುಟಬೇಕು. ಅದು ಮುಗಿಯುವ ಕೆಲಸವಲ್ಲ. ಯಾರು ಬಂದು ಕೂತರೂ ಅವರ ಮುಂದೆ ಒಂದು ಬುಟ್ಟಿ ಸರಿಸುತ್ತೇನೆ. ಕೈಗೆ ಕೆಲಸ ಸಿಕ್ಕಿದರೆ ಮನುಷ್ಯನ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮಾನ್‌ಸಿಕ್‌ನದು ಮೂಲದಲ್ಲಿ ರಬ್ಬರ್ ಬೂಟಿನ ಅಂಗಡಿ. ಮೀನು ಮಾರುವವರು, ದೋಣಿಯವರು, ಐಸ್ ಹೊಡೆಯುವವರು ಎಲ್ಲರ ಕಾಲಿಗೂ ಅವನದೇ ಬೂಟು. ಆದರೆ ಅವನಿಗೆ ದೇವರು ಒಂದು ದನಿ ಕೊಟ್ಟುಬಿಟ್ಟಿದ್ದ. ಜಾತ್ರೆಯಂಥ ಜನಜಂಗುಳಿಯಲ್ಲಿ ಮಗು ಕಳೆದುಹೋದರೆ ಧ್ವನಿವರ್ಧಕದಲ್ಲಿ ಕೂಗುವುದು ಅವನೇ. ಆ ದನಿ ಎಷ್ಟು ಗಂಭೀರವಾಗಿತ್ತೆಂದರೆ, ‘ಕೆಂಪು ಟೋಪಿಯ ಮಗು’ ಎಂದು ಅವನು ಕೂಗಿದರೆ ದೇಶಕ್ಕೇ ಏನೋ ಆಗಿದೆ ಎಂದು ಜನ ನಿಂತು ಕೇಳುತ್ತಿದ್ದರು. ಆ ದನಿ ವರ್ತಕರ ಸಂಘದ ಅಧ್ಯಕ್ಷ ಗ್ವಾಕ್ ದೊಕ್‌ಪಿಲ್‌ರ ಕಿವಿಗೆ ಬಿತ್ತು. ಅವರದು ಐಸ್ ಕಾರ್ಖಾನೆ, ಉಪ್ಪು ಸಿಗಡಿಯ ಗೋದಾಮು. ಅಧಿಕಾರವೆಂದರೆ ಇಷ್ಟ, ಸಭೆಯೆಂದರೆ ಕಷ್ಟ. ಮರುದಿನವೇ ಮಾನ್‌ಸಿಕ್ ಸಂಘದ ಕಾರ್ಯದರ್ಶಿಯಾದ.

‘ಪ್ರಧಾನಿ’ ಎಂಬ ಹೆಸರು ಬಂದದ್ದೂ ನನ್ನ ಅಂಗಡಿಯಲ್ಲೇ. ದೇಶ ಹುಟ್ಟಿದ ಹಬ್ಬದ ದಿನ ಟೀವಿಯಲ್ಲಿ ಪ್ರಧಾನಿಗಳು ದೇಶದ ಅಧ್ಯಕ್ಷರ ಪರವಾಗಿ ಕಾಗದ ಹಿಡಿದು ಓದುತ್ತಿದ್ದರು. ನಮ್ಮ ದೇಶದಲ್ಲಿ ಅಧಿಕಾರವೆಲ್ಲ ಅಧ್ಯಕ್ಷರದು, ಪ್ರಧಾನಿ ಅವರ ಕೈಕೆಳಗಿನವರು. ಮೀನು ಮಾರುವ ಬೊಂಗ್‌ಸುನ್ ಅನ್ನ ಬಾಯಿಗಿಟ್ಟುಕೊಂಡವಳು ಹಾಗೇ ನಿಂತಳು.

“ಅಯ್ಯೋ, ಇವರು ನಮ್ಮ ಮಾನ್‌ಸಿಕ್ ಥರಾನೇ ಓದ್ತಾರಲ್ಲೇ!”

“ಪ್ರಧಾನಿ ಕಣೇ ಅವರು, ಸುಮ್ನಿರು” ಎಂದೆ.

“ಪ್ರಧಾನಿ ಆದ್ರೇನು? ಅಧ್ಯಕ್ಷರು ಅಡುಗೆ ಮಾಡೋರು, ಪ್ರಧಾನಿ ಉಪ್ಪು ಹೆಚ್ಚಾಯ್ತು ಅಂತ ಬೈಸ್ಕೊಳ್ಳೋರು. ಇಲ್ಲೂ ಅದೇ ತಾನೆ? ಏನಂತೀರಿ ಪ್ರಧಾನಿಗಳೇ?”

ಮೂಲೆಯಲ್ಲಿ ಕೂತಿದ್ದ ಮಾನ್‌ಸಿಕ್ “ಪರಿಶೀಲಿಸಲಾಗುವುದು” ಎಂದ. ಅಂದಿನಿಂದ ಅವನ ನಿಜವಾದ ಹೆಸರನ್ನು ಕರೆಯುವವಳು ನಾನೊಬ್ಬಳೇ ಉಳಿದೆ.

ಅವನ ರಾಜೀನಾಮೆಗಳ ಕಥೆ ಹೇಳಬೇಕು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮ ಮಾರುಕಟ್ಟೆಯಲ್ಲಿ ಮಾಡುವವರು ಒಬ್ಬರು, ಉಣ್ಣುವವನು ಇನ್ನೊಬ್ಬ. ಒಂದು ಬೇಸಿಗೆ ಅಧ್ಯಕ್ಷರು ಕರೆಂಟು ಉಳಿಸಲು ಐಸ್ ಕಾರ್ಖಾನೆಯನ್ನು ಮಧ್ಯಾಹ್ನವೆಲ್ಲ ನಿಲ್ಲಿಸಲು ಹೇಳಿದರು. ಇಡೀ ಸಾಲಿನ ಮೀನು ಕೊಳೆತು ನಾರಿತು. ಮಾನ್‌ಸಿಕ್ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಅಂಗಡಿಯ ಮುಂದೂ ನಿಂತು ಸೊಂಟ ಮುರಿಯುವಂತೆ ಬಾಗಿ ಕ್ಷಮೆ ಕೇಳಿದ. ಕೆಲವರು ಕೊಳೆತ ಮೀನನ್ನೇ ಅವನ ಬೂಟಿನ ಮೇಲೆ ಎಸೆದರು. ಬೂಟು ಒಳ್ಳೆಯದಿತ್ತು, ತೊಳೆದುಕೊಂಡ. ಸಂಜೆ ರಾಜೀನಾಮೆ ಬರೆದು ಅಧ್ಯಕ್ಷರಿಗೆ ಕೊಟ್ಟ.

ಅಧ್ಯಕ್ಷರು ಭಾರವಾಗಿ ನಿಟ್ಟುಸಿರಿಟ್ಟರು. “ನಿನ್ನ ಹೊಣೆಗಾರಿಕೆ ನೋಡಿ ಕಣ್ಣು ತುಂಬಿ ಬಂತು ಕಣಪ್ಪ. ಆದ್ರೆ ನಿನ್ನ ಜಾಗಕ್ಕೆ ಇನ್ನೊಬ್ಬ ಸಿಗೋವರೆಗೆ ಮಾಡ್ಕೊಂಡು ಹೋಗು.”

ಇನ್ನೊಬ್ಬ ಸಿಗಬೇಕಲ್ಲ! ಮೊದಲು ಕಡಲಪಾಚಿ ಮಾರುವ ಒಬ್ಬನ ಹೆಸರು ಬಂತು. ದೊಡ್ಡ ಪ್ರಧಾನಿಯಾಗುವವರನ್ನು ನೇಮಕಕ್ಕೆ ಮುಂಚೆ ಸಂಸತ್ತಿನಲ್ಲಿ ಕೂರಿಸಿ ವಿಚಾರಿಸುವ ಹಾಗೆ ನಮ್ಮ ಹೆಂಗಸರು ಅವನನ್ನು ನನ್ನ ಅಂಗಡಿಯಲ್ಲಿ ಕೂರಿಸಿ ವಿಚಾರಿಸಿದರು.

“ನಿಮ್ಮ ಮಗ ಒಳ್ಳೇ ಸ್ಕೂಲಿಗೆ ಹೋಗ್ತಾನಲ್ಲ, ಅಲ್ಲಿ ಆ ಬಡಾವಣೆಯವರಿಗೆ ಮಾತ್ರ ಸೀಟು. ನಿಮ್ಮ ಮನೆ ಆ ಬಡಾವಣೆಯಲ್ಲಿ ಇಲ್ವಲ್ಲಾ?” ಎಂದಳು ಬೊಂಗ್‌ಸುನ್.

“ಅದು… ಅತ್ತೆ ಮನೆ ವಿಳಾಸ.”

“ನಿಮ್ಮತ್ತೆ ತೀರ್ಕೊಂಡು ಎಷ್ಟು ಕಾಲ ಆಯ್ತು? ಸತ್ತವರ ಮನೇಲಿ ವಾಸ ಮಾಡ್ತೀರಾ? ಆ ಪಾಚಿಯಾದ್ರೂ ಈ ಕಡಲಿಂದೋ, ಬೇರೆ ಕಡಲಿಂದೋ?”

ಅವನು ಸಾರನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಆಮೇಲೆ ಬಂದವನ ಹೆಂಡತಿ, ಗಂಡ ಆ ಕುರ್ಚಿಯಲ್ಲಿ ಕೂತರೆ ತವರಿಗೆ ಹೋಗುತ್ತೇನೆಂದು ಗಂಟು ಕಟ್ಟಿಟ್ಟಳು. ಹೀಗೆ ಚರಂಡಿ ಉಕ್ಕಿದಾಗ, ಚಪ್ಪರ ಬಿದ್ದಾಗ, ಕಳ್ಳತನವಾದಾಗ ಮಾನ್‌ಸಿಕ್ ರಾಜೀನಾಮೆ ಕೊಡುತ್ತಲೇ ಇದ್ದ. ಇನ್ನೊಬ್ಬ ಸಿಗುವವರೆಗೆ ಮುಂದುವರಿಯುತ್ತಲೇ ಇದ್ದ. ರಾಜೀನಾಮೆ ಕೊಟ್ಟವನೇ ಇಷ್ಟು ದೀರ್ಘಕಾಲ ಕುರ್ಚಿಯಲ್ಲಿ ಕೂತ ಉದಾಹರಣೆ ನಮ್ಮ ಮಾರುಕಟ್ಟೆಯಲ್ಲಿ ಬೇರೆ ಇಲ್ಲ.

ಇದನ್ನೆಲ್ಲ ನಾವು ನಗುತ್ತಲೇ ನೋಡಿದೆವು. ನಗದೆ ನೋಡಿದವಳು ಅವನ ಮಗಳು ಯೊಂಜು. ಅಪ್ಪ ಸಂಘದ ಕೆಲಸಕ್ಕೆ ಬಿದ್ದ ಮೇಲೆ ಬೂಟಿನ ಅಂಗಡಿಯನ್ನು ನಡೆಸಿದ್ದು ಆ ಹುಡುಗಿ. ನೋಡಿದ ಕೂಡಲೇ ಗಿರಾಕಿಯ ಕಾಲಿನ ಅಳತೆ ಹೇಳುತ್ತಿದ್ದಳು, ಅಳತೆಯ ಜೊತೆಗೆ ಅವನ ಯೋಗ್ಯತೆಯನ್ನೂ ಹೇಳುತ್ತಿದ್ದಳು. ದೋಣಿಯ ಎಂಜಿನ್ ರಿಪೇರಿ ಮಾಡುವ ದೊಹ್ಯೊಕ್ ಎಂಬ ಹುಡುಗ ಕಾಲಿಗೆ ಬೂಟು ಹಿಡಿಯುತ್ತದೋ ಇಲ್ಲವೋ ಎಂದು ಪದೇ ಪದೇ ನೋಡಲು ಬಂದು, ಕೊನೆಗೆ ಮದುವೆಯ ಮಾತಿಗೆ ಬಂದ. ವಸಂತಕ್ಕೆ ದಿನ ಗೊತ್ತಾಯಿತು.

ನಮ್ಮ ಕಡೆ ಮದುವೆಯಲ್ಲಿ ಒಬ್ಬ ಹಿರಿಯರು ಎದುರು ನಿಂತು ಗಂಡುಹೆಣ್ಣಿಗೆ ಬುದ್ಧಿಮಾತು ಹೇಳಿ ಹರಸಬೇಕು. ಮಾರುಕಟ್ಟೆಯ ಮಕ್ಕಳ ಮದುವೆಗೆಲ್ಲ ಆ ಹಿರಿತನ ಅಧ್ಯಕ್ಷರದೇ. ಆಮಂತ್ರಣದಲ್ಲಿ ಹೆಸರು ಅವರದು, ವೇದಿಕೆಯಲ್ಲಿ ಮುಖ ಮಾನ್‌ಸಿಕ್‌ನದು. “ನಿನ್ನ ಮಗಳ ಮದುವೆಗೆ ನಾನೇ ನಿಂತ್ಕೋತೀನಿ, ಇದರಲ್ಲಿ ಬೇರೆ ಮಾತೇ ಇಲ್ಲ” ಎಂದು ಅಧ್ಯಕ್ಷರು ಅವನ ಬೆನ್ನು ತಟ್ಟಿದ ದಿನವೇ ನನಗೆ ಭಯ ಶುರುವಾಯಿತು.

ಯೊಂಜು ಅಂದೇ ಅಪ್ಪನನ್ನು ಹುಡುಕಿಕೊಂಡು ನನ್ನ ಅಂಗಡಿಗೆ ಬಂದಳು. ಬುಟ್ಟಿ ಸರಿಸಿದೆ. ಮುಟ್ಟಲಿಲ್ಲ.

“ಅಪ್ಪ, ಅಜ್ಜಿ ತೀರ್ಕೊಂಡಾಗ ನೀವೇನ್ ಮಾಡಿದ್ರಿ, ನೆನಪಿದೆಯಾ?”

ಮಾನ್‌ಸಿಕ್ ತಲೆ ತಗ್ಗಿಸಿದ. ನನಗೂ ನೆನಪಿತ್ತು. ಅವನ ತಾಯಿಯ ಫೋಟೋದ ಮುಂದೆ, ಶೋಕದ ಸೆಣಬಿನ ಪಟ್ಟಿ ತೋಳಿಗೆ ಕಟ್ಟಿಕೊಂಡ ಮಾನ್‌ಸಿಕ್ ಎದ್ದು ನಿಂತು ಅಧ್ಯಕ್ಷರ ಸಂತಾಪ ಸಂದೇಶ ಓದಿದ. ‘ಪ್ರೀತಿಯ ಮಾನ್‌ಸಿಕ್ ಅವರೇ, ತಾಯಿಯನ್ನು ಕಳೆದುಕೊಂಡ ನಿಮ್ಮ ದುಃಖದಲ್ಲಿ ನಾನೂ ಭಾಗಿ’ ಎಂದು ತನಗೆ ತಾನೇ ಓದಿಕೊಂಡ. ಓದಿ ಮುಗಿಸಿ, ಪಕ್ಕಕ್ಕೆ ಸರಿದು ನಿಂತು, ಓದಿದ್ದ ಜಾಗಕ್ಕೆ ಬಾಗಿ ‘ತಮ್ಮ ಮಾತಿನಿಂದ ಸಮಾಧಾನವಾಯಿತು’ ಎಂದ. ಬಂದವರಿಗೆ ನಗು ಬಂದು, ಸಾವಿನ ಮನೆಯಲ್ಲಿ ನಗಬಾರದೆಂದು ಕೆಮ್ಮಿದರು. ಆ ಕೆಮ್ಮೆಲ್ಲ ಆ ಹುಡುಗಿಯ ಕಿವಿಗೆ ಬಿದ್ದಿತ್ತು.

“ಅವತ್ತು ನೀವು ಅಳ್ಲೇ ಇಲ್ಲ ಅಪ್ಪ. ಅಧ್ಯಕ್ಷರು ಎಷ್ಟು ಅಳ್ತಿದ್ರೋ ಅಷ್ಟೇ ಅತ್ರಿ. ಈಗ ಕೇಳಿ. ನನ್ನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಬನ್ನಿ, ಅಮ್ಮನ ಪಕ್ಕ ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ. ಅವರು ಬರ್ಲಿ, ಬಿಡ್ಲಿ. ನೀವು ಹೋಗಿ ಅವರ ಕಾಗದ ಬಿಚ್ಚಿದ್ರೆ ನಾನು ಅಲ್ಲಿಂದಲೇ ತಿರುಗಿ ಹೊರಟ್ಹೋಗ್ತೀನಿ. ಮದುವೆ ಬಟ್ಟೇಲೇ ಬಸ್ ಹತ್ತೀನಿ. ಆಡಿದ ಮಾತು ಬಿಡೋಳಲ್ಲ ನಾನು, ಗೊತ್ತಲ್ಲ.”

ಗೊತ್ತಿತ್ತು. ಚಿಕ್ಕವಳಿದ್ದಾಗ ಊಟ ಬಿಡುತ್ತೇನೆಂದು ಹಟ ಹಿಡಿದಾಗ ಸೋತದ್ದು ಅವಳಲ್ಲ, ಅವಳಮ್ಮ.

ಅವಳು ಹೋದ ಮೇಲೆ ಮಾನ್‌ಸಿಕ್ ನನ್ನ ಮುಖ ನೋಡಿದ. “ಅಕ್ಕ, ಅಧ್ಯಕ್ಷರಿಗೆ ‘ನೀವು ಬೇಡ’ ಅಂತ ಹೇಳೋರು ಯಾರು? ಅವರ ಪರವಾಗಿ ಮಾತಾಡೋಕೆ ನಾನಿದ್ದೀನಿ. ಅವರಿಗೆ ಎದುರು ಮಾತಾಡೋಕೆ ಯಾರೂ ಇಲ್ಲ.”

“ಅವರು ಬಂದುಬಿಟ್ರೆ ತೊಂದರೆಯೇ ಇಲ್ವಲ್ಲೋ.”

“ಬಂದುಬಿಟ್ರೆ…” ಎಂದ. ನಾವಿಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಆ ಚಳಿಗಾಲದಲ್ಲೇ ಮಾರುಕಟ್ಟೆಗೆ ಬೆಂಕಿ ಬಿತ್ತು. ಒಣಮೀನಿನ ಕೆಲವು ಅಂಗಡಿಗಳು ಸುಟ್ಟವು. ದೇವರ ದಯೆ, ಜೀವ ಹೋಗಲಿಲ್ಲ. ಊರೆಲ್ಲ ಬಹಳ ದಿನ ಸುಟ್ಟ ಮೀನಿನ ವಾಸನೆ ಹೊಡೆದು ಬೆಕ್ಕುಗಳಿಗೆ ಹುಚ್ಚು ಹಿಡಿದಂತಾಯಿತು. ದೇಶದ ಅಧ್ಯಕ್ಷರೇ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಬಂದವರು ಪ್ರಧಾನಿಗಳು. ವಿಪತ್ತಿಗೆ ಹಾಕಿಕೊಳ್ಳುವ ಹಳದಿ ಅಂಗಿ ತೊಟ್ಟು, ಬೂದಿಯ ಮೇಲೆ ನಿಂತು, ಜೇಬಿನಿಂದ ಕಾಗದ ತೆಗೆದು ಅಧ್ಯಕ್ಷರ ಸಾಂತ್ವನ ಸಂದೇಶ ಓದಿದರು. ಅದಕ್ಕೆ ನಮ್ಮ ಸಂಘದ ಅಧ್ಯಕ್ಷರು ಉತ್ತರ ಕೊಡಬೇಕಿತ್ತು. ಗ್ವಾಕ್‌ರಿಗೆ ಬೂದಿಯ ಅಲರ್ಜಿ. ಮಾನ್‌ಸಿಕ್ ಮುಂದೆ ಬಂದು ಜೇಬಿನಿಂದ ಕಾಗದ ತೆಗೆದ. ಅಲ್ಲಿಲ್ಲದ ಒಬ್ಬರಿಗೆ ಅಲ್ಲಿಲ್ಲದ ಇನ್ನೊಬ್ಬರ ಕೃತಜ್ಞತೆ ಸಂದಿತು. ಫೋಟೋ ತೆಗೆಯುವವರು ಇಬ್ಬರ ಕೈಯನ್ನೂ ಹಿಡಿಸಿದರು.

ಆಮೇಲೆ ಪ್ರಧಾನಿಗಳು ಬಡವರ ಊಟ ಉಣ್ಣಬೇಕಲ್ಲ, ಫೋಟೋಗೆ. ನನ್ನ ಅಂಗಡಿಗೆ ಕರೆತಂದರು. ಇಬ್ಬರನ್ನೂ ಎದುರು ಬದುರು ಕೂರಿಸಿದರು. ಬೊಂಗ್‌ಸುನ್ ಕಿಮ್ಚಿಯ ತಟ್ಟೆ ಹಿಡಿದು “ಪ್ರಧಾನಿಗಳೇ, ಇನ್ನೊಂಚೂರು ಹಾಕ್ಲಾ?” ಎಂದಾಗ ಎರಡು ತಲೆ ಒಟ್ಟಿಗೆ ಎದ್ದವು. ಹಳದಿ ಅಂಗಿಯವರು ಮಾನ್‌ಸಿಕ್‌ನನ್ನು ನೋಡಿದರು. ವಿಷಯ ತಿಳಿದು ಮೊದಲ ಸಲ ಅವರ ಮುಖದಲ್ಲಿ ನಗು ಕಂಡಿತು. ಫೋಟೋದವರು ಹೊರಗೆ ಹೋದ ಮೇಲೆ ಅವರು ದನಿ ತಗ್ಗಿಸಿದರು. ನಾನು ಸಾರು ಬಡಿಸುವವಳು, ನನ್ನನ್ನು ಯಾರು ಲೆಕ್ಕಕ್ಕಿಡುತ್ತಾರೆ? ಎಲ್ಲ ಕೇಳಿಸಿತು.

“ನೀವೂ ಕೊಟ್ಟಿದ್ದೀರಾ?”

“ರಾಜೀನಾಮೆನಾ? ಬೇಕಾದಷ್ಟು ಕೊಟ್ಟಿದ್ದೀನಿ. ತಾವು?”

“ನಾನು ಶರತ್ಕಾಲದಲ್ಲೇ ಕೊಟ್ಟೆ. ಅಂದ್ರೆ ನಾನೀಗ ಪ್ರಧಾನಿ ಅಲ್ಲ. ಆದ್ರೆ ಇನ್ನೊಬ್ಬರು ಸಿಕ್ಕಿಲ್ಲ. ಅದಕ್ಕೇ ಇಲ್ಲಿಗೆ ಬಂದೆ.”

“ಓ! ತಮಗೂ ಪಾಚಿಯವರೇ ಸಿಕ್ಕಿದ್ರಾ?”

“ಒಬ್ಬರಿಗೆ ಮನೆ ವಿಳಾಸದ ತೊಂದರೆ. ಇನ್ನೊಬ್ಬರಿಗೆ ಹೆಂಡತಿ ಬೇಡ ಅಂದ್ರು.” ಅವರು ಸಾರಿಗೆ ಊದಿದರು. “ಕೊಡೋದು ನಮ್ಮ ಕೈಲಿದೆ ತಮ್ಮಾ. ಆದ್ರೆ ‘ಅಂಗೀಕರಿಸಿದ್ದೇನೆ’ ಅನ್ನೋ ಮಾತು ಅವರ ಬಾಯಿಂದಲೇ ಬರ್ಬೇಕು. ಆ ಬಾಯಿ ತೆಗಿಯೋರು ಯಾರು?”

ಮಾನ್‌ಸಿಕ್ ಚಮಚ ಕೆಳಗಿಟ್ಟ. ಪ್ರಧಾನಿಗಳು ಬಟ್ಟಲಿನಲ್ಲಿ ಒಂದು ಹನಿ ಉಳಿಸದೆ ಕುಡಿದು, ಸಾರು ರುಚಿಯಾಗಿದೆಯೆಂದು ನನಗೆ ಹೇಳಲು ಬಾಯಿ ತೆರೆದು, ಅಭ್ಯಾಸಬಲದಿಂದ “ಅಧ್ಯಕ್ಷರ ಪರವಾಗಿ…” ಎಂದು ಶುರುಮಾಡಿ, ನಾಚಿ, ಬಾಗಿ ಹೊರಟುಹೋದರು.

ಮದುವೆಯ ಹಿಂದಿನ ವಾರ ಮಾನ್‌ಸಿಕ್ ನನ್ನ ಅಂಗಡಿಯಲ್ಲೇ ಕೂತು ಅಧ್ಯಕ್ಷರ ಭಾಷಣ ಬರೆದ.

“ಬರ್ತೀನಿ ಅಂದಿದ್ದಾರಲ್ಲೋ, ನೀನ್ಯಾಕೆ ಬರೀತೀಯ?”

“ಅವರು ಬಂದ್ರೂ ಓದೋಕೆ ಏನಾದ್ರೂ ಬೇಕಲ್ಲ ಅಕ್ಕ.”

ಅದನ್ನು ಒಯ್ದು ಅಧ್ಯಕ್ಷರ ಮುಂದಿಟ್ಟ. ಅವರು ಎಂದಿನ ಹಾಗೆ ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಮೊಹರು ಒತ್ತಿ, “ಚೆನ್ನಾಗಿ ಬರ್ದಿದೀನಿ” ಎಂದರಂತೆ.

ಮದುವೆಯ ದಿನ ಬೆಳಿಗ್ಗೆ ಅಧ್ಯಕ್ಷರ ಫೋನ್ ಬಂತು. ಪ್ರಾಂತ್ಯದ ದೊಡ್ಡವರೊಬ್ಬರು ಗಾಲ್ಫ್ ಆಡಲು ಕರೆದಿದ್ದಾರೆ, ಇಲ್ಲವೆನ್ನಲಾಗದು. “ನೀನೇ ಇದ್ದೀಯಲ್ಲಪ್ಪ, ಏನಾದ್ರೂ ಒಳ್ಳೇದು ಹೇಳ್ಬಿಡು.” ಮಾನ್‌ಸಿಕ್‌ನ ಹೆಂಡತಿ ಗುಲಾಬಿ ಬಣ್ಣದ ರೇಷ್ಮೆ ಉಡುಪಿನಲ್ಲೇ ಸೌಟು ಹುಡುಕಿದಳು. ಮದುವೆಯ ಸಭಾಂಗಣದಲ್ಲಿ ಎಲ್ಲಿಯ ಸೌಟು! ಯೊಂಜುವಿಗೆ ಯಾರೂ ಹೇಳಲಿಲ್ಲ.

ಪಿಯಾನೋ ಶುರುವಾಯಿತು. ಮಾನ್‌ಸಿಕ್ ಬಿಳಿಯ ಕೈಗವಸು ತೊಟ್ಟು ಮಗಳ ಕೈ ಹಿಡಿದು ನಡೆದುಬಂದ. ಬೂಟು ಮಾರುವವನ ಬೂಟು ಅಂದು ಕನ್ನಡಿಯಂತಿತ್ತು. ಅಳಿಯನ ಕೈಯಲ್ಲಿ ಮಗಳ ಕೈ ಇಟ್ಟ. ಹೆಂಡತಿಯ ಪಕ್ಕದ ಕುರ್ಚಿಯವರೆಗೆ ಹೋದ. ಕುರ್ಚಿಯನ್ನು ಮುಟ್ಟಿದ. ಕೂರಲಿಲ್ಲ. ವೇದಿಕೆ ಹತ್ತಿದ.

ಕಾರ್ಯಕ್ರಮ ನಡೆಸುತ್ತಿದ್ದ ಅಳಿಯನ ಗೆಳೆಯ ತಡವರಿಸಿದ. “ಈಗ… ಮಾನ್ಯ ಅಧ್ಯಕ್ಷರ ಹಿತವಚನ. ಅಧ್ಯಕ್ಷರ ಪರವಾಗಿ… ವಧುವಿನ ತಂದೆಯವರು.”

ಯಾರೋ ಕೆಮ್ಮಿದರು. ಆ ಕೆಮ್ಮು ನನಗೆ ಗುರುತು ಸಿಕ್ಕಿತು, ಸಾವಿನ ಮನೆಯದ್ದೇ ಅದು. ಯೊಂಜು ಅಪ್ಪನನ್ನೇ ನೋಡುತ್ತಿದ್ದಳು. ಅವನ ಕೈ ಒಳಜೇಬಿಗೆ ಹೋಯಿತು. ಕಾಗದ ಹೊರಗೆ ಬಂತು. ಅವಳು ದೊಹ್ಯೊಕ್‌ನ ತೋಳು ಬಿಟ್ಟಳು.

“ಸೊಪೊ ವರ್ತಕರ ಸಂಘದ ಅಧ್ಯಕ್ಷ, ಗ್ವಾಕ್ ದೊಕ್‌ಪಿಲ್ ಆದ ನಾನು,” ಎಂದು ಮಾನ್‌ಸಿಕ್ ಅದೇ ಗಂಭೀರ ದನಿಯಲ್ಲಿ ಶುರುಮಾಡಿದ, “ಈ ಶುಭದಿನದಂದು ಹರ್ಷಿಸುತ್ತೇನೆ.”

ಯೊಂಜು ಎರಡು ಕೈಯಲ್ಲೂ ಲಂಗ ಎತ್ತಿಕೊಂಡು ತಿರುಗಿದಳು. ದೊಹ್ಯೊಕ್‌ಗೆ ಏನು ಮಾಡಬೇಕೋ ತೋಚದೆ ಅವನೂ ತಿರುಗಿದ. ಗಂಡುಹೆಣ್ಣು ಇಬ್ಬರೂ ವೇದಿಕೆಗೆ ಬೆನ್ನು ಹಾಕಿ ನಮ್ಮ ಕಡೆ ಮುಖ ಮಾಡಿದ್ದರು. ಅವಳ ಕಣ್ಣಲ್ಲಿ ನೀರು, ಅವನ ಕಣ್ಣಲ್ಲಿ ‘ನಾವೆಲ್ಲಿಗೆ ಹೋಗ್ತಿದೀವಿ’ ಎಂಬ ಪ್ರಶ್ನೆ. ಅವಳು ಒಂದು ಹೆಜ್ಜೆ ಇಟ್ಟಳು. ಅವನೂ ಇಟ್ಟ. ಮಾನ್‌ಸಿಕ್ ಕಾಗದದಿಂದ ತಲೆ ಎತ್ತದೆ ಓದುತ್ತಲೇ ಇದ್ದ.

“ವಧುವನ್ನು ಚಿಕ್ಕಂದಿನಿಂದ ಬಲ್ಲೆ ಎಂದು ಇಂಥ ಕಡೆ ನಾನು ಹೇಳುವುದು ವಾಡಿಕೆ. ನಾನು ಬಲ್ಲೆನೆಂಬುದು ಸುಳ್ಳು. ಬಲ್ಲವರು ಅವಳ ತಂದೆ ತಾಕ್ ಮಾನ್‌ಸಿಕ್. ಅವರು ನನಗೆ ಅನೇಕ ಸಲ ರಾಜೀನಾಮೆ ಕೊಟ್ಟಿದ್ದಾರೆ. ಅದನ್ನು ನಾನು ಇಂದು, ಇಷ್ಟು ಜನರ ಎದುರು, ನನ್ನ ಬಾಯಿಂದಲೇ ಅಂಗೀಕರಿಸುತ್ತೇನೆ.”

ಯೊಂಜು ನಿಂತಳು.

“ಇನ್ನೊಬ್ಬ ಸಿಗುವವರೆಗೆ ಎಂಬ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಈ ಆದೇಶ ಈ ವಾಕ್ಯ ಮುಗಿದ ಕೂಡಲೇ ಜಾರಿಗೆ ಬರುತ್ತದೆ. ಆದ್ದರಿಂದ ನನ್ನ ಭಾಷಣದ ಉಳಿದ ಭಾಗವನ್ನು ಓದಲು ಇಲ್ಲಿ ಯಾರೂ ಇಲ್ಲ.”

ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ಅವನು ಅಲ್ಲೇ ನಿಂತಿದ್ದ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ತೊಟ್ಟಿಯಲ್ಲಿನ ಮೀನಿನ ಹಾಗೆ.

ಬೊಂಗ್‌ಸುನ್‌ಗೆ ತಡೆಯಲಾಗಲಿಲ್ಲ. ಹಿಂದಿನಿಂದ ಕೂಗಿದಳು. “ಹಂಗಾದ್ರೆ ಈಗ ಅಲ್ಲಿ ನಿಂತಿರೋರು ಯಾರು?”

“ನಾನು,” ಎಂದ ಮಾನ್‌ಸಿಕ್. ಆ ದನಿ ಧ್ವನಿವರ್ಧಕದ ದನಿಯಾಗಿರಲಿಲ್ಲ. ಸಣ್ಣಗೆ, ಸ್ವಲ್ಪ ಒಡೆದಿತ್ತು. “ಯೊಂಜು ಅಪ್ಪ.”

“ಏನಾದ್ರೂ ಹೇಳ್ರಪ್ಪ ಮತ್ತೆ!”

ಅವನು ಮಗಳ ಬೆನ್ನನ್ನು ನೋಡಿದ. ಬಹಳ ಯೋಚಿಸಿದ. ಬೆವರೊರೆಸಿಕೊಂಡ. ಕೊನೆಗೆ ಹೇಳಿದ. “ಎಲ್ಲರೂ… ಊಟ ಮಾಡ್ಕೊಂಡು ಹೋಗಿ. ಶಾವಿಗೆ ಆರಿಹೋದ್ರೆ ಚೆನ್ನಾಗಿರಲ್ಲ.”

ಯೊಂಜು ಗಿರಕ್ಕನೆ ತಿರುಗಿದಳು. “ಅಪ್ಪಾ! ಇನ್ನೂ ಮದುವೇನೇ ಆಗಿಲ್ಲ!”

“ಹೌದಲ್ವಾ? ಹಂಗಾದ್ರೆ ಮದುವೆ ಆಗ್ಬಿಡಿ. ಆಮೇಲೆ ಊಟ.”

ಸಭಾಂಗಣವೇ ಬಿದ್ದುಹೋಗುವಂತೆ ನಗು. ಹುಡುಗಿ ಅಳುತ್ತ ನಗುತ್ತ ವರನ ತೋಳು ಹಿಡಿದಳು. ಮಾನ್‌ಸಿಕ್ ಕೆಳಗಿಳಿದು ಹೆಂಡತಿಯ ಪಕ್ಕ ಕುರ್ಚಿಯಲ್ಲಿ ಕೂತ. ಕೂತವನೇ ಅಳಲು ಶುರುಮಾಡಿದ. ಶಾವಿಗೆ ಬಡಿಸುವವರೆಗೂ ಅತ್ತ. ಮಗಳ ಮದುವೆಗೆ ಇಷ್ಟು ಅಳುತ್ತಾರಾ ಎಂದು ಬೀಗರು ಗಾಬರಿಯಾದರು. ಅದರಲ್ಲಿ ಅವನಮ್ಮನಿಗಾಗಿ ಅಳದೆ ಉಳಿದದ್ದೂ ಸೇರಿತ್ತೆಂದು ಅವರಿಗೆ ನಾನೇಕೆ ಹೇಳಲಿ!

ಮರುದಿನ ಅಧ್ಯಕ್ಷ ಗ್ವಾಕ್ ಕೆಂಡದಂತೆ ನನ್ನ ಅಂಗಡಿಗೆ ನುಗ್ಗಿದರು. ಮಾನ್‌ಸಿಕ್ ಟೈ ಇಲ್ಲದೆ ಬುಟ್ಟಿಯ ಮುಂದೆ ಕೂತಿದ್ದ.

“ನಿನ್ನ ರಾಜೀನಾಮೆ ಅಂಗೀಕರಿಸಿದ್ದು ಯಾರೋ?”

“ನೀವೇ ಅಧ್ಯಕ್ಷರೇ. ಊರೆಲ್ಲ ಕೇಳಿಸ್ಕೊಂಡಿದೆ.”

“ನಾನು ಗಾಲ್ಫ್ ಮೈದಾನದಲ್ಲಿದ್ದೆ! ಅದು ನನ್ನ ಮಾತಲ್ಲ!”

ಮೀನಿನ ಚಾಕು ಕೈಯಲ್ಲಿದ್ದಂತೆಯೇ ಬೊಂಗ್‌ಸುನ್ ಬಂದಳು. “ಅಂದ್ರೆ? ಓದಿದ್ದು ನಿಮ್ಮ ಮಾತಲ್ವಾ? ನನ್ನ ಮಗಳ ಮದುವೇಲೂ ಹಿಂಗೇ ಓದಿದ್ದು. ಹಂಗಾದ್ರೆ ಅದು ಮದುವೆ ಅಲ್ವಾ? ಆ ಅಳಿಯ ನನ್ನ ಅಳಿಯ ಅಲ್ವಾ? ನಾನಿಷ್ಟು ದಿನ ಯಾರಿಗ್ರೀ ಏಡಿ ಬೇಯಿಸಿ ಹಾಕ್ತಿರೋದು?”

ಅವಳ ಹಿಂದೆ ಇನ್ನೂ ನಾಲ್ಕಾರು ಅತ್ತೆಯರು ನಿಂತಿದ್ದರು. ಎಲ್ಲರ ಮುಖದಲ್ಲೂ ಅದೇ ಪ್ರಶ್ನೆ, ಕೆಲವರ ಮುಖದಲ್ಲಿ ಸ್ವಲ್ಪ ಆಸೆಯೂ. ಅಧ್ಯಕ್ಷರು ಅವರನ್ನು ನೋಡಿದರು, ಚಾಕುವನ್ನು ನೋಡಿದರು, ಕೂತರು.

“ನನ್ನ ಮಾತೇ,” ಎಂದರು. “ಎಲ್ಲ ನನ್ನ ಮಾತೇ. ಜನ ಏನಂತಿದ್ದಾರೆ?”

“ಅಧ್ಯಕ್ಷರು ಇಷ್ಟು ಒಳ್ಳೇ ಭಾಷಣ ಯಾವತ್ತೂ ಮಾಡಿರ್ಲಿಲ್ಲ ಅಂತಿದ್ದಾರೆ” ಎಂದೆ. ಅದು ನಿಜವೂ ಆಗಿತ್ತು.

ಅವರ ಮುಖ ಸಡಿಲಾಯಿತು. “ಯೋಚಿಸಿಯೇ ಮಾಡಿದ್ದು. ದೂರದೃಷ್ಟಿ ಬೇಕು.” ಸಾರು ಬಂತು, ಕುಡಿದರು. ಅರ್ಧ ಕುಡಿದ ಮೇಲೆ ಏನೋ ನೆನಪಾಗಿ ಚಮಚ ನಿಂತಿತು. “ಬೊಂಗ್‌ಸುನ್ ಮೊಮ್ಮಗನ ಮೊದಲ ಹುಟ್ಟುಹಬ್ಬ ಬರ್ತಿದೆಯಲ್ಲ. ಅಲ್ಲಿ ಯಾರು ಓದೋದು?”

ಬಾಗಿಲಲ್ಲಿ ನಿಂತಿದ್ದ ಪಾಚಿಯವನು ಮೆಲ್ಲನೆ ಮರೆಯಾದ.

“ನೀವೇ ಬನ್ನಿ” ಎಂದೆ.

“ನಾನಾ? ಸ್ವಂತ ನಾನೇನಾ? ಬಂದು ಏನ್ ಹೇಳ್ಲಿ?”

ಮಾನ್‌ಸಿಕ್ ಬುಟ್ಟಿಯಿಂದ ತಲೆ ಎತ್ತಲಿಲ್ಲ. “ಏ‌ನಾದ್ರೂ ಒಳ್ಳೇದು ಹೇಳ್ಬಿಡಿ.”

ಅಧ್ಯಕ್ಷರು ತುಟಿ ಅಲ್ಲಾಡಿಸುತ್ತ, ತಮಗೆ ತಾವೇ ಏನೋ ಒಳ್ಳೆಯದು ಹೇಳಿ ನೋಡಿಕೊಳ್ಳುತ್ತ ಹೋದರು. ಮೂಲೆಯ ಟೀವಿಯಲ್ಲಿ ದೊಡ್ಡ ಪ್ರಧಾನಿಗಳು ಕಂಡರು. ಎಲ್ಲೋ ಸೇತುವೆ ಉದ್ಘಾಟನೆ, ಕೈಯಲ್ಲಿ ಕಾಗದ. ಇನ್ನೂ ಇನ್ನೊಬ್ಬರು ಸಿಕ್ಕಿರಲಿಲ್ಲ.

ಮಾನ್‌ಸಿಕ್ ಅವರನ್ನೇ ನೋಡಿದ. “ಪಾಪ, ಅವರಿಗೆ ಮದುವೆಗೆ ಬಂದ ಮಗಳಿಲ್ಲವೇನೋ ಅಕ್ಕ.”

“ಇರಬಹುದು. ಆ ಕಡೆಯ ಮೊಳಕೆ ಉದ್ದ ಇದೆ, ನೋಡಿ ಚಿವುಟು. ಸಾರಿಗೆ ಉಪ್ಪು ಸಾಕಾ, ಕುಡಿದು ಹೇಳು.”

ಅವನು ಒಂದು ಚಮಚ ಕುಡಿದು, ಬಾಯಲ್ಲೇ ಸ್ವಲ್ಪ ಹೊತ್ತು ಹಿಡಿದುಕೊಂಡ.

“ಸ್ವಲ್ಪ ಕಡಿಮೆ ಆಯ್ತು” ಎಂದ.

ಒಂದು ಚಿಟಿಕೆ ಹಾಕಿ ಕಲಕಿದೆ. ಅವನು ಎರಡನೆಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಬಾಲ ಚಿವುಟತೊಡಗಿದ.